ಮಿರ್ಕಾಬಿನ ಲಾರ್ಡ್

ನಮ್ಮ ಸಾಹೇಬರು ಲಾರ್ಡ್ ಆದ ಸುದ್ದಿ ಬಂದ ದಿನ ಕಚೇರಿಯ ಎಸಿ ಕೆಟ್ಟಿತ್ತು. ಜುಲೈ ತಿಂಗಳು. ಹೊರಗೆ ಧೂಳು ಎದ್ದು ಎದುರಿನ ಕಟ್ಟಡವೇ ಕಾಣದಾಗಿತ್ತು. ನಾನು ಒದ್ದೆ ಕರವಸ್ತ್ರ ಕುತ್ತಿಗೆಗೆ ಸುತ್ತಿಕೊಂಡು ರಿಪೇರಿಯವನಿಗೆ ಫೋನಿನಲ್ಲಿ ಬಯ್ಯುತ್ತಿದ್ದೆ. ಸಾಹೇಬರು ತಮ್ಮ ಕೋಣೆಯಿಂದ ಹೊರಬಂದು, ಇಂಗ್ಲೆಂಡಿನಲ್ಲಿ ತಮ್ಮ ದೊಡ್ಡಪ್ಪನ ಮಗ ತೀರಿಕೊಂಡರೆಂದೂ, ಅವರಿಗೆ ಗಂಡುಮಕ್ಕಳಿಲ್ಲದ್ದರಿಂದ ಮನೆತನದ ಬ್ಯಾರನ್ ಪದವಿ ಈಗ ತಮಗೆ ಬಂದಿದೆಯೆಂದೂ, ನಾಳೆ ರಜೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದರು. ನಾನು ರಿಸೀವರಿಗೆ ಕೈ ಅಡ್ಡ ಹಿಡಿದು, ಸಂತಾಪ ಹೇಳಬೇಕೋ ಅಭಿನಂದನೆ ಹೇಳಬೇಕೋ ತಿಳಿಯದೆ ಎರಡನ್ನೂ ಹೇಳಿದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ ಅದು. ತೊಂಬತ್ತೊಂದರ ಯುದ್ಧ ಮುಗಿದು ಕುವೈತಿನ ಕಚೇರಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದಾಗ ಗಂಡನ ಹಿಂದೆ ಇಲ್ಲಿಗೆ ಬಂದವಳು ನಾನು. ಗಂಡ ಶುವೈಖಿನಲ್ಲಿ ವಾಹನಗಳ ಬಿಡಿಭಾಗದ ಗೋದಾಮು ನೋಡಿಕೊಳ್ಳುತ್ತಿದ್ದರು. ನಾನು ಮಿರ್ಕಾಬಿನ ಈ ಸಣ್ಣ ಕಚೇರಿಯಲ್ಲಿ ಸೆಕ್ರೆಟರಿ. ಹಡಗಿನಲ್ಲಿ ಬಂದ ಸರಕು ಹಾಳಾದರೆ ಹೋಗಿ ನೋಡಿ ವಿಮೆಯವರಿಗೆ ವರದಿ ಬರೆಯುವುದು ನಮ್ಮ ಕಚೇರಿಯ ಕೆಲಸ. ಸಾಹೇಬರು ಅದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಕೊಳೆತ ಈರುಳ್ಳಿ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ಮೂಸಿ ನೋಡುವ ಮನುಷ್ಯ. ಇಂಥವರು ಲಾರ್ಡ್ ಎಂದರೆ ನನಗೆ ನಗು ಬಂತು. ಬಂದ ನಗುವನ್ನು ತಡೆಯುವ ಅಭ್ಯಾಸ ನನಗಿಲ್ಲ. ಮಾತೂ ಅಷ್ಟೆ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇವಳ ಬಾಯಿಗೆ ಬೀಗ ಮಾಡುವ ಆಚಾರಿ ಇನ್ನೂ ಹುಟ್ಟಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಪದವಿ ಬಂದದ್ದು ಅಪ್ಪನಿಗಾದರೂ ಸಂಭ್ರಮವೆಲ್ಲ ದೊಡ್ಡ ಮಗನದು. ಸಾಹೇಬರಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನು ಇಂಗ್ಲೆಂಡಿನ ಕಾಲೇಜಿನಲ್ಲಿ ಓದಿಗಿಂತ ಹೆಚ್ಚು ಡ್ರಮ್ಮು ಬಾರಿಸಿಕೊಂಡಿದ್ದ. ಮನೆತನದ ಸಂಗತಿಗಳ ಗಾಳಿಗಂಧವೂ ಅವನಿಗಿರಲಿಲ್ಲ. ದೊಡ್ಡವನು ಶುವೈಖ್ ಬಂದರಿನಲ್ಲಿ ಒಂದು ಹಡಗು ಏಜೆನ್ಸಿಯಲ್ಲಿ ಕೆಲಸಕ್ಕಿದ್ದ. ಕೈಗೂಸಾಗಿ ಬಂದು ಕುವೈತಿನಲ್ಲೇ ಬೆಳೆದವನು, ಅರಬ್ಬಿಯನ್ನು ಇಲ್ಲಿಯವರ ಹಾಗೆಯೇ ಮಾತಾಡುವವನು, ನನ್ನನ್ನು ಆಂಟಿ ಎಂದು ಕರೆದು ನನ್ನ ಡಬ್ಬಿಯ ಉಪ್ಪಿನಕಾಯಿಗೆ ನೇರ ಕೈ ಹಾಕುವವನು. ಮಧ್ಯಾಹ್ನ ಬಂದರಿನಿಂದ ಬಂದರೆ ನನ್ನ ಮೇಜಿನ ಮೂಲೆಯಲ್ಲಿ ಕೂತು ಆ ಪದವಿಯ ಚರಿತ್ರೆ ಹೇಳುವುದೇ ಅವನ ಕೆಲಸ. ಹುಡುಗನಾಗಿದ್ದಾಗಲೇ ಹತ್ತಿದ ಹುಚ್ಚು ಅದು. ರಜೆಗೆ ಇಂಗ್ಲೆಂಡಿಗೆ ಹೋದಾಗ ಉಳಿದ ಹುಡುಗರು ಚೆಂಡಾಡಿದರೆ ಇವನು ಚರ್ಚಿನ ಹಿಂದೆ ಗೋರಿಕಲ್ಲು ಓದಿಕೊಂಡು ನಿಂತಿರುತ್ತಿದ್ದನಂತೆ.

ಕೇಳಿ ಕೇಳಿ ನನಗೂ ಬಾಯಿಪಾಠವಾಯಿತು. ಮೊದಲನೆಯ ಬ್ಯಾರನ್ ರಾಜನ ನೌಕಾಪಡೆಗೆ ಹಗ್ಗ, ಡಾಂಬರು ಒದಗಿಸುತ್ತಿದ್ದ ವ್ಯಾಪಾರಿ. ಯಾವುದೋ ಯುದ್ಧದಲ್ಲಿ ಹೇಳಿದ ಹೊತ್ತಿಗೆ ಹಡಗುಗಳನ್ನು ಸಜ್ಜು ಮಾಡಿಕೊಟ್ಟನೆಂದು ರಾಜ ಮೆಚ್ಚಿ ಪದವಿ ಕೊಟ್ಟ. ಅವನ ಮಗ ಅಪ್ಪನ ಡಾಂಬರಿನ ವಾಸನೆ ಮರೆಸಲು ದೊಡ್ಡ ಬಂಗಲೆ ಕಟ್ಟಿಸಿ, ಅದರಲ್ಲಿ ಒಂದು ಚಳಿಗಾಲವನ್ನೂ ಕಳೆಯದೆ ಸತ್ತ. ಮುಂದೆ ಒಬ್ಬನಿಗೆ ಸಾಲು ಸಾಲು ಹೆಣ್ಣುಮಕ್ಕಳು. ಅವರೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದಂತೆ ಪದವಿ ಅವರ ತಲೆ ಮೇಲಿಂದ ಹಾರಿ ಚಿಕ್ಕಪ್ಪನ ಮಗನಿಗೆ ಹೋಯಿತು. ಆ ಮಹಾಶಯ ಕಂಪನಿಯ ಪಲ್ಟನ್ನಿನ ಜೊತೆ ನಮ್ಮ ಮಂಗಳೂರಿನವರೆಗೂ ಬಂದು, ಭೇದಿ ಹಿಡಿದು, ಹಡಗಿನಲ್ಲಿ ಮಲಗಿಕೊಂಡೇ ಹಿಂದೆ ಹೋದವನು. ನಿಮ್ಮೂರಿನ ನೀರು ಆಂಟಿ ಎಂದು ಹುಡುಗ ನನ್ನನ್ನು ಕೆಣಕುತ್ತಿದ್ದ. ನಿಮ್ಮವರನ್ನು ಕರೆದವರು ಯಾರು ಎಂದು ನಾನೂ ಬಿಡುತ್ತಿರಲಿಲ್ಲ. ಇನ್ನೊಬ್ಬ ಕುದುರೆ ಜೂಜಿನಲ್ಲಿ ಬಂಗಲೆ ಕಳೆದ. ಈಗ ಅದೊಂದು ಶಾಲೆ. ಕೊನೆಗೆ ಉಳಿದದ್ದು ಪಾರ್ಲಿಮೆಂಟಿನ ಮೇಲ್ಮನೆಯ ಕುರ್ಚಿ. ವಂಶದಿಂದ ಬಂದವರಲ್ಲಿ ಹೆಚ್ಚಿನವರನ್ನು ಅಲ್ಲಿಂದ ಎಬ್ಬಿಸುವ ಕಾನೂನು ಬಂದ ಮೇಲೆ ಅದೂ ಹೋಗಿ, ಹೆಸರಿನ ಮುಂದೆ ಲಾರ್ಡ್ ಎಂಬ ಒಂದು ಪದ ಮಾತ್ರ ಉಳಿದಿತ್ತು.

ಮನೆಯಲ್ಲಿ ಇದನ್ನು ಹೇಳಿದರೆ ಗಂಡ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗಾದೆ ಹೇಳಿ ಟಿವಿ ಕಡೆ ತಿರುಗಿದರು. ನನಗೆ ಹಾಗೆ ತಳ್ಳಿಹಾಕಲು ಆಗಲಿಲ್ಲ. ನಾವು ಮಂಗಳೂರು ಕಡೆಯ ಬಂಟರು. ನಮ್ಮ ಗುತ್ತಿನ ಮನೆಯ, ಅಂದರೆ ಹಿರಿಯರ ದೊಡ್ಡಮನೆಯ, ಗದ್ದೆಗಳೆಲ್ಲ ಭೂಮಸೂದೆಯಲ್ಲಿ ಹೋಗಿ ಎಷ್ಟೋ ಕಾಲವಾಗಿದೆ. ಆದರೂ ಮನೆಯ ಯಜಮಾನಿಕೆ ಮುಂದೆ ಯಾರಿಗೆ ಎಂಬ ಮಾತೆದ್ದರೆ ಮುಂಬೈಯಿಂದ, ದುಬೈಯಿಂದ ಜನ ವಿಮಾನ ಹತ್ತಿ ಬಂದು ಗಂಟಲು ಹರಿಯುವ ಹಾಗೆ ಜಗಳಾಡುತ್ತಾರೆ. ಹುಡುಗನ ಕಣ್ಣಿನ ಹೊಳಪು ನನಗೆ ಅರ್ಥವಾಗುತ್ತಿತ್ತು. ಅಪ್ಪನ ನಂತರ ತಾನು ಎಂದು ಅವನು ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಹೇಳುವ ಅಗತ್ಯವಿದೆಯೆಂದು ಅವನಿಗೆ ತೋರಿರಲಿಕ್ಕಿಲ್ಲ.

ಲಂಡನ್ನಿನಲ್ಲಿ ಸರ್ಕಾರದ್ದೊಂದು ದಾಖಲೆ ಇದೆಯಂತೆ. ಹೊಸದಾಗಿ ಪದವಿಗೆ ಬಂದವರು ತಾವೇ ನಿಜವಾದ ವಾರಸುದಾರರೆಂದು ರುಜುವಾತು ಮಾಡಿ ಅದರಲ್ಲಿ ಸೇರಿಕೊಳ್ಳಬೇಕು, ಇಲ್ಲದಿದ್ದರೆ ಸರ್ಕಾರಿ ಕಾಗದದಲ್ಲಿ ಯಾರೂ ಲಾರ್ಡ್ ಎಂದು ಬರೆಯುವುದಿಲ್ಲ. ಮಗ ಮುತ್ತಜ್ಜನ ಕಾಲದ ಪತ್ರಗಳನ್ನೆಲ್ಲ ಆಗಲೇ ತರಿಸಿಟ್ಟಿದ್ದ. ಅಪ್ಪ ಅಮ್ಮನ ಮದುವೆಯ ಪ್ರಮಾಣಪತ್ರ ಮತ್ತು ಅಪ್ಪನ ಸಹಿ ಸಿಕ್ಕರೆ ಮುಗಿಯಿತು ಎನ್ನುತ್ತಿದ್ದ. ಸಾಹೇಬರು ಇವತ್ತು ನಾಳೆ ಎಂದು ದೂಡಿದರು. ರಂಜಾನ್ ಮುಗಿಯಲಿ ಎಂದರು. ಆ ಪೆಟ್ಟಿಗೆ ಯಾವ ಕಪಾಟಿನಲ್ಲಿದೆಯೋ ಎಂದರು. ಮಗ ಬಿಡುವವನಲ್ಲ, ದಿನ ಬಿಟ್ಟು ದಿನ ಬಂದು ಕೇಳುತ್ತಿದ್ದ.

ಅಲ್ಲಿಂದ ಶುರುವಾಯಿತು ನೋಡಿ ಕಚೇರಿಯಲ್ಲಿ ಚಡಪಡಿಕೆ. ಸಾಹೇಬರು ಕಿಟಕಿಯಿಂದ ನೀರಿನ ಕೂಲರಿನ ತನಕ, ಕೂಲರಿನಿಂದ ಕಿಟಕಿಯ ತನಕ ನಡೆಯುತ್ತಿದ್ದರು. ವರದಿ ಹೇಳಿ ಬರೆಸಲು ಕರೆದು ಅರ್ಧ ವಾಕ್ಯಕ್ಕೆ ನಿಲ್ಲಿಸಿ, ಎಲ್ಲಿಗೆ ಬಂದೆವು ಎಂದು ನನ್ನನ್ನೇ ಕೇಳುತ್ತಿದ್ದರು. ಕನ್ನಡಕ ಒರೆಸಿ ಒರೆಸಿ ಗಾಜು ಸವೆಯಿತೇನೋ. ಹೊರಗೆ ಲಿಫ್ಟಿನ ಸದ್ದಾದರೆ ಸಾಕು, ಹೆಲ್ಮೆಟ್ ಎತ್ತಿಕೊಂಡು ಬಂದರಿಗೆ ಹೊರಟುಬಿಡುವರು. ಅವರನ್ನು ನೋಡುತ್ತ ನೋಡುತ್ತ ನನಗೂ ಕೂತಲ್ಲಿ ಕೂರಲಾಗದ ರೋಗ ಅಂಟಿತು. ಟೈಪು ಮಾಡುವಾಗ ಕಾಲು ಕುಣಿಯುತ್ತಲೇ ಇರುತ್ತಿತ್ತು. ಕಚೇರಿಯ ಕಾರು ಓಡಿಸುತ್ತಿದ್ದ ಬ್ಯಾರಿ ಬಂಟ್ವಾಳದ ಕಡೆಯವನು. ಒಂದು ದಿನ ಚಹಾದ ಲೋಟ ಹಿಡಿದು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಅಕ್ಕ, ಇವತ್ತು ಶುವೈಖಿಗೆ ಕರಕೊಂಡು ಹೋದೆ. ಹಡಗೂ ಇಲ್ಲ, ಸರಕೂ ಇಲ್ಲ, ಎಂತದೂ ಇಲ್ಲ. ಸುಮ್ಮನೆ ಸಮುದ್ರ ನೋಡಿ ವಾಪಸ್ ಬಂದ್ರು. ಮಗನಿಗೆ ಹೆದರಿ ಓಡುವ ಅಪ್ಪನನ್ನು ನಾನು ಇದೇ ಮೊದಲು ನೋಡುದು."

ನನಗೆ ತಡೆಯಲಾಗಲಿಲ್ಲ. ಮರುದಿನವೇ ಫೈಲು ಹಿಡಿದು ಸಾಹೇಬರ ಕೋಣೆಗೆ ಹೋಗಿ, ಆ ಹುಡುಗನನ್ನು ಯಾಕೆ ಹೀಗೆ ಕಾಯಿಸುತ್ತೀರಿ, ಒಂದು ಸಹಿಗೆ ಇಷ್ಟು ಸತಾಯಿಸುವುದೇ ಎಂದು ಕೇಳಿಬಿಟ್ಟೆ. ಸಾಹೇಬರು ಎದ್ದು ಬಾಗಿಲು ಮುಚ್ಚಿದರು. ನನ್ನನ್ನು ಕೂರಿಸಿ ತಾವು ನಿಂತುಕೊಂಡೇ ಹೇಳಿದರು.

ಅವರಿಗೆ ಚಿಕ್ಕ ವಯಸ್ಸಿನಲ್ಲಿ ಒಂದು ಮದುವೆಯಾಗಿತ್ತು. ಅದು ಮುರಿದು ಬಿದ್ದರೂ ಆ ಹೆಂಡತಿ ವಿಚ್ಛೇದನಕ್ಕೆ ಒಪ್ಪದೆ ವರ್ಷಗಟ್ಟಲೆ ಎಳೆದಳು. ಅಷ್ಟರಲ್ಲಿ ರಜೆಗೆ ಊರಿಗೆ ಹೋದಾಗ ಈಗಿನ ಮೇಡಂ ಸಿಕ್ಕರು. ಆಗ ಅವರು ಅಲ್ಲಿ ನರ್ಸ್. ದೊಡ್ಡ ಮಗ ಹುಟ್ಟಿದ. ಅವನು ಎದ್ದು ನಿಲ್ಲುವ ಹೊತ್ತಿಗೆ ವಿಚ್ಛೇದನ ಸಿಕ್ಕಿ ಇಬ್ಬರೂ ಯಾರಿಗೂ ಹೇಳದೆ ಮದುವೆಯಾದರು. ಆ ಪತ್ರ ತೋರಿಸಿ ಸಾಹೇಬರು ಹೆಂಡತಿ ಮಗುವನ್ನು ಕುವೈತಿಗೆ ಕರೆಸಿಕೊಂಡರು. ಮಗ ಹುಟ್ಟುವ ಮೊದಲೇ ಇಂಗ್ಲೆಂಡಿನಲ್ಲಿ ಮದುವೆ ಆಗಿತ್ತು ಎಂದು ಕುವೈತಿನ ಪರಿಚಯದವರಿಗೆ ಹೇಳಿದರು. ಕುವೈತಿನಲ್ಲಿ ಆಗಿತ್ತು ಎಂದು ಮೇಡಂನ ತವರಿಗೆ ಹೇಳಿದರು. ಎರಡು ಊರಿಗೆ ಎರಡು ಸುಳ್ಳು. ಇಷ್ಟು ವರ್ಷ ಎರಡೂ ಚೆನ್ನಾಗಿ ನಡೆದಿದ್ದವು.

ಹಾಗೆ ಹುಟ್ಟಿದ ಮಗುವನ್ನು ನಂತರದ ಮದುವೆ ಸಕ್ರಮ ಮಾಡುತ್ತದಂತೆ. ಆಸ್ತಿಗೆ ಸರಿ, ಹೆಸರಿಗೆ ಸರಿ. ಪದವಿಗೆ ಮಾತ್ರ ಇಲ್ಲ. ಮದುವೆಯಾದ ದಂಪತಿಗೆ ಹುಟ್ಟಿದ ಗಂಡುಮಗನಿಗೇ ಎಂದು ರಾಜ ಕೊಟ್ಟ ಫರ್ಮಾನಿನಲ್ಲಿದೆ. ಹಾಗಾಗಿ ಪದವಿ ದೊಡ್ಡವನನ್ನು ದಾಟಿ, ಅದೇ ಅಪ್ಪ ಅದೇ ಅಮ್ಮನ ಚಿಕ್ಕ ಮಗನಿಗೆ ಹೋಗುತ್ತದೆ. ಸಾಲಿನಲ್ಲಿ ತನಗಿಂತ ಮುಂದೆ ಬೇಕಾದಷ್ಟು ಜನ ಇದ್ದರು, ಅದು ತನ್ನ ಮನೆ ಬಾಗಿಲಿಗೆ ಬರುತ್ತದೆಂದು ತಾನು ಕನಸಿನಲ್ಲೂ ಎಣಿಸಿರಲಿಲ್ಲ ಎಂದರು.

"ಅವನ ಪ್ರಪಂಚವೇ ಆ ಚರಿತ್ರೆ," ಎಂದರು ಸಾಹೇಬರು. "ಅದರಲ್ಲಿ ನಿನಗೆ ಜಾಗವಿಲ್ಲ, ಅದಕ್ಕೆ ಕಾರಣ ನಾನು ಎಂದು ಯಾವ ಬಾಯಲ್ಲಿ ಹೇಳಲಿ?"

ನನ್ನ ಕಣ್ಣು ತುಂಬಿತು. ಕೋಪವೂ ಬಂತು. ಯಾರ ಮೇಲೆ ಎಂದು ತಿಳಿಯದ ಕೋಪ. ನಿಮ್ಮಲ್ಲಿ ಹೇಗೆ ಎಂದು ಅವರೇ ಕೇಳಿದರು. ನಮ್ಮದು ಅಳಿಯಸಂತಾನ, ಗುತ್ತಿನ ಯಜಮಾನಿಕೆ ಮಗನಿಗಲ್ಲ, ಅಕ್ಕ ತಂಗಿಯರ ಮಗನಿಗೆ ಎಂದೆ. ಮನೆತನ ನಡೆಯುವುದು ಹೆಣ್ಣಿನಿಂದ. ಅಪ್ಪನ ಮನೆತನದ ಗೊಡವೆ ಅಲ್ಲಿಲ್ಲ ಎಂದೆ. ಹಾಗಾದರೆ ನಿಮ್ಮ ಕಡೆ ನನ್ನ ಮಗನಿಗೆ ಏನೂ ತೊಂದರೆ ಇರುತ್ತಿರಲಿಲ್ಲ ಎಂದು ಅವರ ಮುಖ ಅರಳಿತು. ನಮ್ಮ ಕಡೆ ಅವನು ನಿಮ್ಮ ಮನೆಯವನೇ ಅಲ್ಲ ಸರ್, ಅವನ ಅಮ್ಮನ ಮನೆಯವನು ಎಂದೆ. ಸಾಹೇಬರು ನಕ್ಕರು. ನಗುತ್ತಲೇ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಕೇಳಬಾರದಿತ್ತು, ಕೇಳಿಯಾಯಿತು. ಆ ಮೇಲೆ ಹುಡುಗ ಬಂದು ಮೇಜಿನ ಮೂಲೆಯಲ್ಲಿ ಕೂತರೆ ನನಗೆ ಮುಳ್ಳಿನ ಮೇಲೆ ಕೂತ ಹಾಗೆ. ಅವನು ಯಾವುದೋ ಹೊಸ ಗೋರಿಕಲ್ಲಿನ ಫೋಟೋ ತೋರಿಸಿದರೆ, ಡಬ್ಬಿ ಮುಚ್ಚುವುದು, ಸ್ಟೇಪ್ಲರ್ ಹುಡುಕುವುದು, ಇಲ್ಲದ ಫೋನಿಗೆ ಎದ್ದು ಹೋಗುವುದು ಮಾಡುತ್ತಿದ್ದೆ. ಮನೆಯಲ್ಲಿ ಗಂಡನ ಕಿವಿ ತಿಂದೆ. "ಊರ ಉಸಾಬರಿ ನಿನಗೆಂತಕ್ಕೆ ಮಾರಾಯ್ತಿ? ಅಪ್ಪ ಮಗ ಏನಾದರೂ ಮಾಡ್ಕೊಳ್ಳಲಿ," ಎಂದರು. ಮಗಳು ಪುಸ್ತಕದಿಂದ ತಲೆಯೆತ್ತಿ ಇದು ತುಂಬ ಅನ್ಯಾಯ ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟು ಮತ್ತೆ ತಲೆ ತಗ್ಗಿಸಿದಳು. ಗುಟ್ಟೆಂಬುದು ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಚಳಿಗಾಲ ಪೂರ್ತಿ ನಾನು ಹೀಗೇ ಕಳೆದೆ.

ನಮ್ಮಲ್ಲಿ ಇಂಥ ಮಾತು ಹೇಳುವುದಕ್ಕೆಂದೇ ಒಬ್ಬರಿರುತ್ತಾರೆ, ಅಮ್ಮನ ಅಣ್ಣ. ನಮ್ಮ ತುಳುವಿನಲ್ಲಿ ತಮ್ಮಲೆ. ಅಪ್ಪನಿಗೆ ಹೇಳಲಾಗದ್ದು, ಅಮ್ಮನಿಗೆ ಹೇಳಲು ಧೈರ್ಯವಿಲ್ಲದ್ದು ಎಲ್ಲ ಅವರ ಪಾಲಿಗೆ. ನನ್ನ ಅಕ್ಕನ ನಿಶ್ಚಯವಾದ ಮದುವೆ ಮುರಿದಾಗ ಮನೆಯಲ್ಲಿ ಎಲ್ಲರೂ ಮುಖ ಮುಚ್ಚಿಕೊಂಡು ಕೂತಿದ್ದರೆ, ಮಾವ ಬಂದು ಅಕ್ಕನನ್ನು ಜೊತೆಗೆ ಕರೆದುಕೊಂಡು ಗದ್ದೆ ಬದುವಿನ ಮೇಲೆ ಅಷ್ಟು ದೂರ ನಡೆದುಹೋದರು. ಬರುವಾಗ ಅಕ್ಕ ಅತ್ತು ಮುಗಿಸಿದ್ದಳು, ಊಟಕ್ಕೆ ಎಲೆ ಹಾಕಿ ಎಂದಳು. ತಂಗಿಯ ಮದುವೆಯನ್ನು ಮುಂದೆ ನಿಂತು ನಡೆಸುವುದು ಅಣ್ಣ. ಅದರ ಒಳಗು ಹೊರಗು ಅವನಿಗೆ ತಿಳಿಯದ್ದು ಏನೂ ಇರುವುದಿಲ್ಲ. ಇದು ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಲೋಕದಲ್ಲಿ ಬೇರೆ ಥರದ ಅಣ್ಣಂದಿರು ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಫೆಬ್ರವರಿಯಲ್ಲಿ ಸಾಹೇಬರ ರುಮೈಥಿಯಾದ ಮನೆಯ ಅಂಗಳದಲ್ಲಿ ಪ್ರತಿ ವರ್ಷ ಮದುವೆಯ ವಾರ್ಷಿಕೋತ್ಸವದ ಊಟ. ಕಚೇರಿಯವರಿಗೆಲ್ಲ ಕರೆ ಇರುತ್ತಿತ್ತು. ಮೇಡಂಗೆ ಇಷ್ಟವೆಂದು ನಾನು ನಮ್ಮೂರ ಕೋಳಿಸಾರಿನ ಕೋರಿ ರೊಟ್ಟಿ ಮಾಡಿಕೊಂಡು ಹೋಗುವುದು ವಾಡಿಕೆ. ಆ ವರ್ಷ ಮೇಡಂನ ಅಣ್ಣ ಮೊದಲ ಸಲ ಕುವೈತಿಗೆ ಬಂದಿದ್ದರು. ಬಸ್ಸು ರಿಪೇರಿ ಮಾಡಿ ನಿವೃತ್ತರಾದವರು. ದಪ್ಪ ಬೆರಳುಗಳು, ನಿಧಾನದ ಮಾತು. ಖರ್ಜೂರದ ಮರದ ಕೆಳಗೆ ಒಬ್ಬರೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸ್ವಾಮಿ ದೇವರೇ, ಸರಿಯಾದ ಹೊತ್ತಿಗೆ ಕಳಿಸಿದೆ ಎಂದುಕೊಂಡು ತಟ್ಟೆ ಹಿಡಿದು ಪಕ್ಕಕ್ಕೆ ಹೋಗಿ ಕೂತೆ.

ನಾಲ್ಕು ಮಾತು ಅದೂ ಇದೂ ಆಡಿ, ಮೆಲ್ಲಗೆ ವಿಷಯಕ್ಕೆ ಬಂದೆ. ಹುಡುಗನಿಗೆ ನೀವೇ ಹೇಳಬೇಕು, ನೀವು ಅಮ್ಮನ ಅಣ್ಣ, ನಿಮ್ಮ ಬಾಯಿಂದ ಬಂದರೆ ಅವನು ತಾಳಿಕೊಳ್ಳುತ್ತಾನೆ ಎಂದೆ. ಮದುವೆ ತಡವಾಗಿ ಆದದ್ದರಲ್ಲಿ ಅವನ ತಪ್ಪೇನೂ ಇಲ್ಲವಲ್ಲ ಎಂದೂ ಸೇರಿಸಿದೆ. ಅವರು ತಟ್ಟೆಯನ್ನು ಹುಲ್ಲಿನ ಮೇಲಿಟ್ಟರು. ಯಾವ ಮದುವೆ ಎಂದು ಕೇಳಿದರು. ಅವನು ಹುಟ್ಟುವ ಮೊದಲೇ ಇಲ್ಲಿ ಕುವೈತಿನಲ್ಲಿ ಆಯಿತಲ್ಲ ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನನ್ನ ಇಂಗ್ಲಿಷ್ ಸರಿಯಿಲ್ಲ, ನಾನು ಹೇಳಿದ್ದು ಬೇರೆ ಎಂದು ಏನೇನೋ ತೊದಲಿದೆ. ಆ ಮನುಷ್ಯ ದಡ್ಡನಲ್ಲ. ಎದ್ದು ಮೇಜಿನ ಕಡೆ ಹೋದರು, ನಾನೂ ಹಿಂದೆಯೇ ಓಡಿದೆ. ಅಲ್ಲಿ ಮೇಡಂ ಕೇಕಿಗೆ ಮೇಣದಬತ್ತಿ ಚುಚ್ಚುತ್ತಿದ್ದರು, ದೊಡ್ಡ ಮಗ ಚಾಕು ಹಿಡಿದು ಪಕ್ಕದಲ್ಲಿ ನಿಂತಿದ್ದ. ಅಣ್ಣ ಬಗ್ಗಿ ತಂಗಿಯ ಕಿವಿಯ ಹತ್ತಿರ, ಕೋಪವಿಲ್ಲದೆ, ನೀನು ಮದುವೆಯಾದದ್ದು ಯಾವಾಗ ಎಂದು ಕೇಳಿದರು. ಮೇಡಂ ಗಂಡನ ಮುಖ ನೋಡಿದರು, ಅಣ್ಣನ ಮುಖ ನೋಡಿದರು. ಇನ್ನೊಂದು ಸುಳ್ಳು ಹೇಳಲು ಅವರಿಗೆ ಆಗಲಿಲ್ಲವೇನೋ, ಇದ್ದದ್ದನ್ನು ಹೇಳಿದರು.

ಯಾರೂ ಮಗನಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಆ ಪದವಿಯ ಕಾನೂನು ಅಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ಕೇಕಿನ ಮೇಲೆ ಕೆನೆಯಲ್ಲಿ ಬರೆದ ವರ್ಷವನ್ನು ನೋಡಿದ, ಅಪ್ಪನನ್ನು ನೋಡಿದ. ಚಾಕುವನ್ನು ಜೋಪಾನವಾಗಿ ತಟ್ಟೆಯ ಪಕ್ಕದಲ್ಲಿಟ್ಟ. ಗೇಟಿನ ಆಚೆ ಅವನ ಕಾರು ಹೊರಟ ಸದ್ದು ಕೇಳಿಸಿತು. ನನ್ನ ಕೋರಿ ರೊಟ್ಟಿ ಹಾಗೇ ಮನೆಗೆ ವಾಪಸು ಬಂತು.

ಸಾಹೇಬರು ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟರು. ಕೆಲಸವನ್ನೆಲ್ಲ ಚೀಟಿಯಲ್ಲಿ ಬರೆದು ಡ್ರೈವರಿನ ಕೈಯಲ್ಲಿ ಕಳಿಸುವುದು. ನಾಲ್ಕು ಗೋಡೆಯ ಒಳಗೆ ಈ ನಾಟಕ ಯಾರಿಗೆ ಬೇಕು? ಒಂದು ದಿನ ಆ ಚೀಟಿಗಳನ್ನೆಲ್ಲ ಅವರ ಮೇಜಿನ ಮೇಲೆ ಸುರಿದು, ನಾನು ಬಾಯಿ ಜಾರಿದವಳೇ ಸರಿ, ಬೇಕಾದರೆ ಇಲ್ಲಿರಲು ಕೊಟ್ಟ ನನ್ನ ಇಕಾಮಾ ಪರವಾನಗಿ ರದ್ದು ಮಾಡಿಸಿ ಊರಿಗೆ ಕಳಿಸಿ, ಆದರೆ ನೀವು ಹೇಳಬೇಕಾದದ್ದನ್ನು ಹೇಳಿದ್ದರೆ ನನ್ನ ಬಾಯಿಗೆ ಕೆಲಸವೇ ಇರಲಿಲ್ಲ ಎಂದೆ. ಅವರು ಚೀಟಿಗಳನ್ನು ಒಟ್ಟು ಮಾಡಿ ಕಸದ ಬುಟ್ಟಿಗೆ ಹಾಕಿ, ಕೂತುಕೋ, ವರದಿ ಬರೆದುಕೋ ಎಂದರು. ಮೇಡಂ ಮಾತ್ರ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಣ್ಣ ಎರಡು ದಿನ ಮುಖ ತಿರುಗಿಸಿಕೊಂಡಿದ್ದು, ಆಮೇಲೆ ಅಡುಗೆಮನೆಯ ಸೋರುವ ನಲ್ಲಿ ರಿಪೇರಿ ಮಾಡಿಕೊಟ್ಟು ಹೋದರು ಎಂದು ಫೋನಿನಲ್ಲಿ ಹೇಳಿದರು.

ಮಗ ತಿಂಗಳ ಮೇಲೆ ಬಂದ. ಮುಖ ಇಳಿದಿತ್ತು, ಗಡ್ಡ ಬಿಟ್ಟಿದ್ದ. ನನ್ನ ಮೇಜಿನ ಹತ್ತಿರ ನಿಲ್ಲದೆ ನೇರ ಅಪ್ಪನ ಕೋಣೆಗೆ ಹೋದ. ಲಂಡನ್ನಿಗೆ ಕಳಿಸುವ ಕಾಗದಗಳನ್ನೆಲ್ಲ ತಾನೇ ತಯಾರು ಮಾಡಿ, ಮುಂದಿನ ವಾರಸುದಾರ ಎಂಬಲ್ಲಿ ತಮ್ಮನ ಹೆಸರು ಬರೆದು ತಂದಿದ್ದ. ಸಹಿ ಹಾಕಿ ಎಂದ. ನಿನ್ನನ್ನು ಬಿಟ್ಟು ನನಗೆ ಯಾವ ಪದವಿಯೂ ಬೇಡ ಎಂದು ಸಾಹೇಬರು ಪೆನ್ನು ಮುಟ್ಟಲಿಲ್ಲ. ಮಗನ ದನಿ ಏರಿತು, ಅಪ್ಪನ ದನಿ ಏರಿತು. ಸಾಲಿನಲ್ಲಿ ಇರುವವರು ಇರಬೇಕು, ಇಷ್ಟವಿಲ್ಲವೆಂದು ಒಬ್ಬ ನಡುವೆ ಬಾಗಿಲು ಹಾಕಿಕೊಳ್ಳಲು ಆಗುವುದಿಲ್ಲ ಎಂದು ಮಗ ಕೂಗಿದ್ದು ಇಡೀ ಮಹಡಿಗೆ ಕೇಳಿಸಿತು. ಹೊರಗೆ ಬಂದವನು ನನ್ನ ಎದುರಿನ ಕುರ್ಚಿಯಲ್ಲಿ ಕುಸಿದ. ನಾನು ನೀರು ಕೊಟ್ಟೆ.

"ಲಾರ್ಡ್ ಪದವಿ ಹೋದರೆ ಹೋಗಲಿ ಆಂಟಿ," ಎಂದ. "ಪ್ರತಿ ವರ್ಷ ನನ್ನ ಕೈಯಲ್ಲೇ ಚಾಕು ಕೊಟ್ಟು ಆ ಸುಳ್ಳು ವರ್ಷದ ಕೇಕು ಕತ್ತರಿಸಿದರಲ್ಲ. ನಾನು ಹುಟ್ಟಿದ್ದಕ್ಕೆ ಅವರಿಗೆ ಅಷ್ಟು ನಾಚಿಕೆಯಾಗಿತ್ತಾ?"

ಇಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ನನಗೇನು ಗೊತ್ತು ಎಂದು ಮುಚ್ಚಿದೆ. ಬೇಡದ ಕಡೆ ಮಾತಾಡುವ ಬಾಯಿ ಬೇಕಾದಾಗ ಒಣಗಿಹೋಯಿತು. ಅವನು ನೀರು ಕುಡಿದು ಹೊರಟ.

ಆ ಕಾಗದಗಳು ಸಹಿಯಿಲ್ಲದೆ ಹಾಗೇ ಉಳಿದವು. ಹುಡುಗ ಚರಿತ್ರೆಯ ಮಾತೆತ್ತುವುದನ್ನೇ ಬಿಟ್ಟ. ಅಪರೂಪಕ್ಕೆ ಬಂದರೆ ಅಪ್ಪನ ಆರೋಗ್ಯ ವಿಚಾರಿಸಿ, ನನ್ನ ಮಗಳ ಪರೀಕ್ಷೆ ವಿಚಾರಿಸಿ, ಕಾಲು ಬದಲಾಯಿಸುತ್ತ ನಿಂತೇ ಹೋಗುವನು. ಅಪ್ಪ ಮಗ ಇಬ್ಬರೂ ಸಭ್ಯರಾಗಿಬಿಟ್ಟರು. ಅದನ್ನು ನೋಡಲಾಗುತ್ತಿರಲಿಲ್ಲ. ಒಮ್ಮೆ ಜಗಳವಾದರೂ ಆಡಲಿ ಎಂದು ನಾನು ಹರಕೆ ಹೊತ್ತದ್ದೂ ಉಂಟು. ಫೆಬ್ರವರಿಯ ಊಟ ನಿಂತುಹೋಯಿತು.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ ಸಾಹೇಬರು ಬಂದರಿನಲ್ಲೇ ಎದೆ ಹಿಡಿದುಕೊಂಡು ಕುಸಿದರು. ಡ್ರೈವರ್ ಹೊತ್ತು ಕಾರಿಗೆ ಹಾಕಿ ಆಸ್ಪತ್ರೆಗೆ ಓಡಿಸಿದ. ಮಗನೂ ಬಂದರಿನಿಂದ ಹಿಂದೆಯೇ ಓಡಿದ. ಮಧ್ಯಾಹ್ನಕ್ಕೆ ಮುಗಿದಿತ್ತು. ಆಸ್ಪತ್ರೆಯ ಕಾಗದಪತ್ರ, ದೇಹವನ್ನು ಇಂಗ್ಲೆಂಡಿಗೆ ಕಳಿಸುವ ವ್ಯವಸ್ಥೆ, ಅರಬ್ಬಿಯಲ್ಲಿ ಮಾತು, ಓಡಾಟ ಎಲ್ಲ ದೊಡ್ಡವನೇ ಮಾಡಿದ. ಅವನ ಕಣ್ಣಲ್ಲಿ ಒಂದು ಹನಿ ನೀರು ನಾನು ಕಾಣಲಿಲ್ಲ. ಒಂದು ಕಡೆ ನಿಲ್ಲದೆ ಫೋನು ಹಿಡಿದು ಓಡಾಡುತ್ತಲೇ ಇದ್ದ. ಚಿಕ್ಕವನು ವಿಮಾನದಲ್ಲಿ ಬಂದು ಅಮ್ಮನ ಪಕ್ಕದಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಮರುದಿನ ರುಮೈಥಿಯಾದ ಮನೆಗೆ ಜನ ಬಂದು ಹೋಗುತ್ತಿದ್ದರು. ಬಂದರಿನವರು, ವಿಮೆಯವರು, ಸಾಹೇಬರ ವೀಸಾಕ್ಕೆ ಹೊಣೆ ನಿಂತ ಕಫೀಲ್ ಆದ ಕುವೈತಿ ಯಜಮಾನರು, ನೆರೆಯವರು. ನಾನು ಅಡುಗೆಮನೆಯಲ್ಲಿ ಚಹಾ ನೋಡಿಕೊಳ್ಳುತ್ತಿದ್ದೆ. ಹನ್ನೊಂದರ ಸುಮಾರಿಗೆ ಬಹರೈನಿನಲ್ಲಿದ್ದ ದೂರದ ಬಂಧುವೊಬ್ಬರು ಬಂದರು. ಕಪ್ಪು ಸೂಟು ಹಾಕಿದ ಮುದುಕ. ಪದವಿ ಈ ಮನೆಗೆ ಬಂದದ್ದು ಬಿಟ್ಟರೆ ಒಳಗಿನ ಸಂಗತಿ ಏನೂ ಗೊತ್ತಿಲ್ಲದವರು. ಮೇಡಂಗೆ ಸಂತಾಪ ಹೇಳಿ, ಹೊಸ ಲಾರ್ಡ್‌ಗೆ ತಮ್ಮ ಗೌರವ ಸಲ್ಲಬೇಕು ಎನ್ನುತ್ತ ಎದ್ದು, ಕೈ ಚಾಚಿ ನೇರವಾಗಿ ದೊಡ್ಡವನ ಕಡೆಗೆ ನಡೆದರು. ವಯಸ್ಸು ನೋಡಿದರೆ ಯಾರೂ ಹಾಗೇ ತಿಳಿಯುವುದು. ನಾನು ಚಹಾದ ಟ್ರೇ ಹಿಡಿದು ಬಾಗಿಲಲ್ಲೇ ನಿಂತೆ.

ದೊಡ್ಡವನು ಆ ಕೈ ಹಿಡಿಯಲಿಲ್ಲ. ಕೂತಿದ್ದ ತಮ್ಮನನ್ನು ಭುಜ ಹಿಡಿದು ಎಬ್ಬಿಸಿ, ಮುಂದಕ್ಕೆ ನಿಲ್ಲಿಸಿ, ಲಾರ್ಡ್ ಎಂದು ಪೂರ್ತಿ ಪದವಿಯ ಹೆಸರು ಹೇಳಿ ಪರಿಚಯಿಸಿದ. ಅದು ಆ ಮನೆಯಲ್ಲಿ ತಮ್ಮನನ್ನು ಯಾರಾದರೂ ಹಾಗೆ ಕರೆದ ಮೊದಲ ಸಲ. ಚಿಕ್ಕವನು ಗಾಬರಿಯಿಂದ ಅಣ್ಣನ ಕಡೆ ತಿರುಗಿದ. ಮುದುಕ ತಬ್ಬಿಬ್ಬಾಗಿ, ತಮ್ಮನ ಕೈ ಕುಲುಕಿ, ಮರ್ಯಾದೆಗೆಂದು ದೊಡ್ಡವನನ್ನು ನೋಡಿ, ಹಾಗಾದರೆ ತಾವು ಯಾರು ಎಂದು ಕೇಳಿದರು. ಅವನು ತಮ್ಮನ ಭುಜದಿಂದ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದ.

ಬೆಳಗಿನಿಂದ ಕುರ್ಚಿ ಬಿಟ್ಟು ಏಳದಿದ್ದ ಮೇಡಂ ಎದ್ದರು. ಅಷ್ಟು ಜನರ ನಡುವೆ ನಡೆದು ಬಂದು ದೊಡ್ಡ ಮಗನ ತೋಳು ಹಿಡಿದುಕೊಂಡರು.

"ಇವನು ನನ್ನ ಮೊದಲ ಮಗ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ನಮ್ಮ ಮದುವೆಗೆ ಇವನೂ ಬಂದಿದ್ದ. ಇವನಪ್ಪ ಸಹಿ ಹಾಕುವಾಗ ಇವನನ್ನು ಕೆಳಗಿಳಿಸಲು ಒಪ್ಪದೆ ಒಂದು ಕೈಯಲ್ಲಿ ಎತ್ತಿಕೊಂಡೇ ಹಾಕಿದರು."

ಮಗ ಅಮ್ಮನ ಹೆಗಲಿಗೆ ಮುಖ ಒತ್ತಿ, ಅಷ್ಟು ಜನರ ಮುಂದೆ, ಚಿಕ್ಕ ಮಗುವಿನ ಹಾಗೆ ದನಿ ತೆಗೆದು ಅತ್ತುಬಿಟ್ಟ.